ಅಪ್ಪನ ನೆನಪಿನ ಪುಸ್ತಕ: ವರ್ಷಾಂತಿಕದೊಳಗೆ ಮಾಡಿ ಮುಗಿಸುವುದು ಹೇಗೆ?

ಅಪ್ಪ ತೀರಿಕೊಂಡು ಎರಡು-ಮೂರು ತಿಂಗಳಾಗಿ, ಬಂದುಹೋಗುವ ನೆಂಟರು ಕಡಿಮೆಯಾದ ಮೇಲೆ ಮಕ್ಕಳಿಗೆ ಈ ಯೋಚನೆ ಬರುತ್ತದೆ. ಅವರ ಹೆಸರಲ್ಲಿ ಒಂದು ಪುಸ್ತಕ ಮಾಡಬೇಕು, ವರ್ಷಾಂತಿಕದ ದಿನ ಬಂದವರ ಕೈಗೆ ಕೊಡಬೇಕು. ಶಿರಸಿ, ಸಿದ್ದಾಪುರ, ಯಲ್ಲಾಪುರದಿಂದಲೂ, ಘಟ್ಟದ ಕೆಳಗೆ ಕುಮಟಾ, ಅಂಕೋಲಾ, ಕಾರವಾರದಿಂದಲೂ ಇದೇ ಪ್ರಶ್ನೆಗಳು ನನಗೆ ಬರುತ್ತಲೇ ಇರುತ್ತವೆ. ಎಲ್ಲಿಂದ ಶುರು ಮಾಡುವುದು? ಯಾರನ್ನು ಕೇಳುವುದು? ಪ್ರೆಸ್ಸಿನವರಿಗೆ ಏನು ಹೇಳುವುದು? ಇಂಥ ಕೆಲವು ಪುಸ್ತಕಗಳಿಗೆ ಕೈಜೋಡಿಸಿದ ಅನುಭವದ ಮೇಲೆ ಎಲ್ಲವನ್ನೂ ಒಂದೇ ಕಡೆ ಬರೆದಿದ್ದೇನೆ.

ಕೆಲಸ ಶುರುವಾಗುವ ಮೊದಲೇ ಒಂದು ಮಾತು ತಲೆಯಲ್ಲಿರಲಿ. ನಮ್ಮ ಕಡೆ ಬರುವ ಬಹಳಷ್ಟು ನೆನಪಿನ ಪುಸ್ತಕಗಳಲ್ಲಿ ‘ಸರಳ ಜೀವಿ’, ‘ಪರೋಪಕಾರಿ’, ‘ನೇರ ನಡೆನುಡಿಯವರು’ ಎಂಬ ಮಾತುಗಳೇ ತುಂಬಿರುತ್ತವೆ. ಹೆಸರು ಬದಲಿಸಿದರೆ ಆ ಲೇಖನ ಪಕ್ಕದ ಮನೆಯವರಿಗೂ ಸಲ್ಲುತ್ತದೆ. ನಿಮ್ಮ ಅಪ್ಪನನ್ನು ನೋಡದೇ ಬೆಳೆಯುವ ಮೊಮ್ಮಗಳು ಅದನ್ನು ಓದಿದರೆ ಅವಳಿಗೆ ಅಜ್ಜ ಸಿಗುವುದಿಲ್ಲ. ಆದ್ದರಿಂದ ಒಂದು ಕಟ್ಟುನಿಟ್ಟು ಇಟ್ಟುಕೊಳ್ಳಿ: ಹೊಗಳಿಕೆಯ ಒಂದೊಂದು ಮಾತಿಗೂ ನಡೆದ ಒಂದು ಘಟನೆ ಬೇಕು. ಘಟನೆ ಸಿಗದಿದ್ದರೆ ಆ ಮಾತನ್ನೇ ಬಿಟ್ಟುಬಿಡಿ. ಮುಂದಿನ ಹಂತಗಳೆಲ್ಲ ಇದನ್ನು ಸಾಧಿಸುವುದಕ್ಕಾಗಿಯೇ ಇವೆ.

ಸಾಮಾನು ಹೆಚ್ಚೇನೂ ಬೇಡ. ಧ್ವನಿ ಮುದ್ರಿಸುವ ಒಂದು ಮೊಬೈಲ್, ದಪ್ಪ ರಟ್ಟಿನ ಒಂದು ನೋಟ್‌ಬುಕ್, ಕಾಗದಪತ್ರ ಇಡಲು ಮುಚ್ಚಳ ಬಿಗಿಯಾಗಿರುವ ಡಬ್ಬಿ ಇದ್ದರೆ ಸಾಕು. ಸಮಯ ಮಾತ್ರ ಏಳೆಂಟು ತಿಂಗಳು ಕೈಯಲ್ಲಿರಲಿ.

1. ದಿನವನ್ನು ಖಚಿತ ಮಾಡಿಕೊಳ್ಳಿ

ವರ್ಷಾಂತಿಕ ಬರುವುದು ತಿಥಿಯ ಮೇಲೆ. ಚಾಂದ್ರಮಾನದ ವರ್ಷಕ್ಕೆ ಸುಮಾರು 354 ದಿನ ಮಾತ್ರ, ಹಾಗಾಗಿ ತಾರೀಖಿನ ಲೆಕ್ಕಕ್ಕಿಂತ ಹತ್ತು-ಹನ್ನೊಂದು ದಿನ ಮೊದಲೇ ಬಂದುಬಿಡುತ್ತದೆ. ನಡುವೆ ಅಧಿಕ ಮಾಸ ಬಿದ್ದರೆ ಲೆಕ್ಕವೇ ಬೇರೆ. ತಾರೀಖು ನಂಬಿ ಪ್ರೆಸ್ಸಿಗೆ ದಿನ ಕೊಟ್ಟವರು ಕೊನೆಯ ವಾರ ಪರದಾಡಿದ್ದನ್ನು ನೋಡಿದ್ದೇನೆ. ಮನೆಯ ಪುರೋಹಿತರನ್ನು ಕೇಳಿ ದಿನ ಬರೆದುಕೊಳ್ಳಿ. ಆ ದಿನಕ್ಕಿಂತ ಒಂದೂವರೆ ತಿಂಗಳು ಮೊದಲು ಅಕ್ಷರ ಜೋಡಣೆಯೂ ಕರಡು ತಿದ್ದುವುದೂ ಮುಗಿದಿರಬೇಕು. ನಿಮ್ಮ ಸಮುದಾಯದ ಪದ್ಧತಿ ಬೇರೆಯಿದ್ದರೆ ಅಪ್ಪ ಹುಟ್ಟಿದ ದಿನವನ್ನೋ ಅವರು ಬಿಡದೆ ಹೋಗುತ್ತಿದ್ದ ಜಾತ್ರೆಯ ದಿನವನ್ನೋ ಇಟ್ಟುಕೊಳ್ಳಬಹುದು.

2. ಕೊನೆಯ ಮಾತು ಯಾರದ್ದೆಂದು ತೀರ್ಮಾನಿಸಿ

ಮಕ್ಕಳಲ್ಲಿ ಒಬ್ಬರು ಸಂಪಾದಕರಾಗಬೇಕು. ಬೆಂಗಳೂರಲ್ಲಿರುವ ಅಣ್ಣ ಖರ್ಚು ನೋಡಿಕೊಳ್ಳಲಿ, ಊರಲ್ಲಿರುವ ತಮ್ಮ ಓಡಾಡಲಿ, ಆದರೆ ಯಾವುದು ಇರಬೇಕು ಯಾವುದು ಬೇಡ ಎನ್ನುವುದು ಒಬ್ಬರ ಕೈಯಲ್ಲಿರಲಿ. ಆ ಒಬ್ಬರು ಮಗಳಾಗಿದ್ದರೆ ಪುಸ್ತಕ ಇನ್ನೂ ಚೆನ್ನಾಗಿ ಬರುತ್ತದೆ ಎನ್ನುವುದು ನನ್ನ ಅಭಿಪ್ರಾಯ. ಮದುವೆಯಾಗಿ ಬೇರೆ ಊರಿಗೆ ಹೋದವಳಿಗೆ ಅಪ್ಪನ ಮನೆಯ ಸಣ್ಣಪುಟ್ಟ ವಿಷಯಗಳು ಬೇರೆಯವರಿಗಿಂತ ಹೆಚ್ಚು ನೆನಪಿರುತ್ತವೆ.

3. ಕಾಗದಪತ್ರ ಒಟ್ಟುಮಾಡಿ

ಮನೆ ಸ್ವಚ್ಛಮಾಡುವ ನೆಪದಲ್ಲಿ ಯಾರಾದರೂ ಒಲೆಗೆ ಹಾಕುವ ಮೊದಲು ಇವನ್ನು ಎತ್ತಿಡಿ: ಲೆಕ್ಕದ ಪುಸ್ತಕ, ದಿನಚರಿ, ಇನ್ಲೆಂಡ್ ಪತ್ರ, ಸೊಸೈಟಿಯ ಪಾಸ್‌ಬುಕ್, ಅಡಿಕೆ ಮಾರಿದ ಪಟ್ಟಿ, ಶಾಲೆಯ ದಾಖಲೆ, ಜಾತಕ, ಮದುವೆಯ ಕರೆಯೋಲೆ, ತಾಳಮದ್ದಳೆಯ ಕರಪತ್ರ. ಕರಾವಳಿಯವರಾದರೆ ದೋಣಿಯ ಕಾಗದ, ಮೀನುಗಾರರ ಸಂಘದ ರಶೀದಿಗಳೂ ಇರಲಿ.

ಇವುಗಳಲ್ಲಿ ಲೆಕ್ಕದ ಪುಸ್ತಕಕ್ಕಿಂತ ಹೆಚ್ಚು ಮಾತಾಡುವ ವಸ್ತು ಇನ್ನೊಂದಿಲ್ಲ. ಅಪ್ಪ ಯಾವುದಕ್ಕೆ ಖರ್ಚು ಮಾಡಿದರು, ಯಾರಿಗೆ ಕೊಟ್ಟರು, ಯಾವ ವರ್ಷ ಸಾಲ ಮಾಡಿ ಯಾರನ್ನು ಓದಿಸಿದರು ಎಲ್ಲವೂ ಅವರ ಅಕ್ಷರದಲ್ಲೇ ಇರುತ್ತದೆ. ನನ್ನ ಅಪ್ಪನ ಪುಸ್ತಕದಲ್ಲಿ ಒಂದು ಹೆಸರಿನ ಮುಂದಿದ್ದ ಮೊತ್ತಕ್ಕೆ ಅಡ್ಡಗೆರೆ ಎಳೆದು ‘ಮಗಳ ಮದುವೆ ಇದೆ, ಕೇಳುವುದು ಬೇಡ’ ಎಂದು ಬರೆದಿತ್ತು. ಅವರ ಔದಾರ್ಯದ ಬಗ್ಗೆ ನಾವು ಎರಡು ಪುಟ ಬರೆದಿದ್ದರೂ ಆ ಒಂದು ಸಾಲಿನಷ್ಟು ಹೇಳಲಾಗುತ್ತಿರಲಿಲ್ಲ. ಆ ಸಾಲನ್ನು ಅಚ್ಚು ಹಾಕಿಸಿದೆವು. ಹೆಸರನ್ನೂ ಮೊತ್ತವನ್ನೂ ಮುಚ್ಚಿದೆವು.

ಹಳೆಯ ಲೆಕ್ಕ ಓದುವಾಗ ಗಮನಿಸಿ: ನಯಾ ಪೈಸೆ ಬಂದದ್ದು 1957ರ ಏಪ್ರಿಲ್‌ನಲ್ಲಿ. ಅದಕ್ಕೂ ಹಿಂದಿನ ಲೆಕ್ಕ ರೂಪಾಯಿ, ಆಣೆ, ಪೈಗಳಲ್ಲಿರುತ್ತದೆ. ರೂಪಾಯಿಗೆ 16 ಆಣೆ, ಆಣೆಗೆ 12 ಪೈ. ನಮ್ಮ ಉತ್ತರ ಕನ್ನಡ ಜಿಲ್ಲೆ 1956ರವರೆಗೆ ಮುಂಬೈ ಆಡಳಿತದಲ್ಲಿದ್ದುದರಿಂದ ಅಜ್ಜನ ಕಾಲದ ಕಾಗದಗಳಲ್ಲಿ ಮರಾಠಿಯೂ ಮೋಡಿ ಅಕ್ಷರವೂ ಕಾಣಬಹುದು. ಮೋಡಿ ಎಂದರೆ ಕೈ ಎತ್ತದೆ ಕೂಡಿಸಿ ಬರೆಯುವ ಹಳೆಯ ಬರವಣಿಗೆ. ಓದಲಾಗದಿದ್ದರೆ ಎಸೆಯಬೇಡಿ, ಫೋಟೋ ತೆಗೆದಿಟ್ಟುಕೊಂಡು ಓದಬಲ್ಲ ಹಿರಿಯರನ್ನು ಹುಡುಕಿ.

4. ಯಾರ ಜೊತೆ ಮಾತಾಡಬೇಕು?

ಮೊದಲು ಅಮ್ಮ. ಅವರನ್ನು ಕೊನೆಗೆ ಇಟ್ಟುಕೊಳ್ಳುವವರೇ ಹೆಚ್ಚು, ಮನೆಯಲ್ಲೇ ಇದ್ದಾರಲ್ಲ ಎಂದು. ಆಮೇಲೆ ಅತ್ತೆಯಂದಿರು, ಅಂದರೆ ಅಪ್ಪನ ಅಕ್ಕತಂಗಿಯರು. ಅಪ್ಪನ ಬಾಲ್ಯ ಗೊತ್ತಿರುವವರು ಅವರೊಬ್ಬರೇ ಇರಬಹುದು. ವಯಸ್ಸಾದವರ ಬಳಿಗೆ ಮೊದಲು ಹೋಗಿ, ಓಡಾಡುವ ಗೆಳೆಯರು ಆರು ತಿಂಗಳ ನಂತರವೂ ಸಿಗುತ್ತಾರೆ.

ಪಟ್ಟಿಯಲ್ಲಿ ಬರೀ ನೆಂಟರಿಷ್ಟರು, ಸಂಘದ ಅಧ್ಯಕ್ಷರು, ನಿವೃತ್ತ ಮೇಷ್ಟ್ರುಗಳೇ ಇದ್ದರೆ ಪುಸ್ತಕ ಅರ್ಧವಾಯಿತೆಂದು ತಿಳಿಯಿರಿ. ಅಪ್ಪನಿಗಿಂತ ಕೆಳಗಿನ ಸ್ಥಾನದಲ್ಲಿ ನಿಂತು ಅವರೊಡನೆ ವ್ಯವಹರಿಸಿದವರ ಮಾತು ಬೇಕು. ತೋಟಕ್ಕೆ ಬರುತ್ತಿದ್ದ ಕೊನೆಗೌಡ (ಮರ ಹತ್ತಿ ಅಡಿಕೆ ಕೊನೆ ಕೊಯ್ಯುವವನು), ಅಡಿಕೆ ಸುಲಿಯಲು ಬರುತ್ತಿದ್ದ ಹೆಂಗಸರು, ಅಡಿಕೆ ವಖಾರಿಯ ಗುಮಾಸ್ತ, ಬಸ್ಸಿನ ಕಂಡಕ್ಟರ್, ದೋಣಿಯಲ್ಲಿ ಜೊತೆಗಿದ್ದ ಹುಡುಗರು. ಒಬ್ಬರ ಗುಣ ಗೊತ್ತಾಗುವುದು ಅವರ ಮಾತಿಗೆ ಎದುರಾಡಲಾಗದವರ ಜೊತೆ ಅವರು ಹೇಗಿದ್ದರು ಎನ್ನುವುದರಲ್ಲಿ.

ಹೋಗುವ ಕಾಲವನ್ನೂ ನೋಡಿಕೊಳ್ಳಿ. ಘಟ್ಟದ ಮೇಲೆ ಕೊನೆಕೊಯ್ಲಿನ ದಿನಗಳಲ್ಲಿ ಯಾರಿಗೂ ಪುರುಸೊತ್ತಿರುವುದಿಲ್ಲ. ಕರಾವಳಿಯಲ್ಲಿ ಯಾಂತ್ರಿಕ ದೋಣಿಗಳ ಮೀನುಗಾರಿಕೆಗೆ ಜೂನ್ 1ರಿಂದ ಜುಲೈ 31ರವರೆಗೆ ನಿಷೇಧವಿರುವುದರಿಂದ ತಾಂಡೇಲರು, ಅಂದರೆ ದೋಣಿ ನಡೆಸುವ ಮುಖ್ಯಸ್ಥರು, ಆಗ ಮನೆಯಲ್ಲೇ ಸಿಗುತ್ತಾರೆ.

5. ಕೇಳುವುದು, ಧ್ವನಿ ಮುದ್ರಿಸಿಕೊಳ್ಳುವುದು

‘ನಮ್ಮಪ್ಪ ಎಂಥವರಾಗಿದ್ದರು?’ ಎಂದು ಕೇಳಬೇಡಿ. ‘ದೇವರಂಥ ಮನುಷ್ಯ’ ಎಂಬ ಉತ್ತರ ಬರುತ್ತದೆ, ಅಲ್ಲಿಗೆ ಮಾತು ನಿಲ್ಲುತ್ತದೆ. ಹೀಗೆ ಕೇಳಿ:

- ಅವರನ್ನು ಮೊದಲು ನೋಡಿದ್ದು ಎಲ್ಲಿ, ಯಾವ ಕೆಲಸದ ಮೇಲೆ?
- ನಿಮ್ಮ ಮನೆಗೆ ಬಂದರೆ ಎಲ್ಲಿ ಕೂರುತ್ತಿದ್ದರು? ಏನು ಕೇಳಿ ಕುಡಿಯುತ್ತಿದ್ದರು?
- ದುಡ್ಡಿನ ವ್ಯವಹಾರ ಇತ್ತಾ? ಹೇಗೆ ಮುಗಿಯಿತು?
- ಅವರ ಮೇಲೆ ನಿಮಗೆ ಸಿಟ್ಟು ಬಂದದ್ದು ಯಾವಾಗ?
- ಎಲ್ಲರೂ ಹೂಂ ಎಂದಾಗ ಅವರು ‘ಆಗದು’ ಎಂದದ್ದು ನೆನಪಿದೆಯಾ?
- ಪದೇ ಪದೇ ಹೇಳುತ್ತಿದ್ದ ಮಾತು ಯಾವುದು? ಅದನ್ನು ಅವರ ಧಾಟಿಯಲ್ಲೇ ಹೇಳಿ.

ಕೊನೆಯ ಎರಡನ್ನು ಮರೆಯಬೇಡಿ. ಒಂದು ಮೌಲ್ಯ ನಿಜವಾಗಿಯೂ ಅವರದಾಗಿತ್ತೋ ಇಲ್ಲವೋ ಎನ್ನುವುದು ಅದಕ್ಕಾಗಿ ಅವರು ಏನನ್ನಾದರೂ ಕಳೆದುಕೊಂಡ ಕಡೆ ತಿಳಿಯುತ್ತದೆ. ಪಂಚಾಯಿತಿಯಲ್ಲಿ ಒಬ್ಬರೇ ಬೇರೆ ಮಾತಾಡಿದ್ದು, ಬರಬೇಕಾದ ಪಾಲನ್ನು ತಮ್ಮನಿಗೆ ಬಿಟ್ಟದ್ದು, ಲಂಚ ಕೊಡದೆ ಒಂದು ಕೆಲಸಕ್ಕೆ ವರ್ಷಗಟ್ಟಲೆ ತಾಲೂಕು ಕಚೇರಿಗೆ ಅಲೆದದ್ದು. ಇಂಥ ಕಡೆ ಮಾತು ಬಂದಾಗ ಅವಸರ ಮಾಡದೆ, ಆಗ ಯಾರಿದ್ದರು, ಮನೆಯಲ್ಲಿ ಏನೆಂದರು, ಆಮೇಲೆ ಏನಾಯಿತು ಎಂದು ಕೇಳುತ್ತಾ ಹೋಗಿ.

ಮುದ್ರಿಸಿಕೊಳ್ಳುತ್ತೇನೆ ಎಂದು ಮೊದಲೇ ಹೇಳಿ ಒಪ್ಪಿಗೆ ಪಡೆಯಿರಿ. ಮೊಬೈಲನ್ನು ಏರೋಪ್ಲೇನ್ ಮೋಡ್‌ಗೆ ಹಾಕಿ, ಫ್ಯಾನ್ ನಿಲ್ಲಿಸಿ, ಮಾತಾಡುವವರಿಂದ ಒಂದು ಮೊಳದೊಳಗೆ ಒಂದು ಬಟ್ಟೆಯ ಮೇಲೆ ಇಡಿ. ಮಳೆಗಾಲದಲ್ಲಿ ತಗಡಿನ ಮಾಡಿನ ಕೆಳಗೆ ಕೂತರೆ ಏನೂ ಕೇಳಿಸುವುದಿಲ್ಲ, ಒಳಗಿನ ಕೋಣೆ ಒಳ್ಳೆಯದು. ಮೊದಲು ತಾರೀಖು, ಊರು, ಹೆಸರು ಹೇಳಿ ಶುರುಮಾಡಿ. ಒಂದು ಸಲಕ್ಕೆ ಮುಕ್ಕಾಲು ಗಂಟೆ ಸಾಕು, ಹಿರಿಯರಿಗೆ ದಣಿವಾಗುತ್ತದೆ. ಕವಳ (ಎಲೆಯಡಿಕೆ) ಹಾಕಿಕೊಂಡು ಆರಾಮವಾಗಿ ಕೂತ ಮೇಲೆ, ಮೊಬೈಲ್ ಬಂದ್ ಮಾಡಿದ ನಂತರ, ನಿಜವಾದ ಮಾತು ಬರುವುದುಂಟು. ಅದನ್ನು ದಾರಿಯಲ್ಲೇ ಎಲ್ಲಾದರೂ ನಿಂತು ನೋಟ್‌ಬುಕ್ಕಿಗೆ ಬರೆದುಕೊಳ್ಳಿ, ಅಚ್ಚು ಹಾಕುವ ಮೊದಲು ಮತ್ತೊಮ್ಮೆ ಅವರನ್ನು ಕೇಳಿ.

ಅದೇ ದಿನ ರಾತ್ರಿ ಕಡತಕ್ಕೆ ಹೆಸರಿಟ್ಟು ಎರಡು ಕಡೆ ಉಳಿಸಿ. ಒಂದು ಗಂಟೆಯ ಮಾತನ್ನು ಬರೆದು ಇಳಿಸಲು ನಾಲ್ಕೈದು ಗಂಟೆ ಹಿಡಿಯುತ್ತದೆ. ಹವ್ಯಕ ಭಾಷೆಯಲ್ಲೋ ಕೊಂಕಣಿಯಲ್ಲೋ ಹಾಲಕ್ಕಿ ಕನ್ನಡದಲ್ಲೋ ಹೇಳಿದ ಮಾತನ್ನು ಗ್ರಾಂಥಿಕ ಕನ್ನಡಕ್ಕೆ ತಿದ್ದಬೇಡಿ. ಅಪ್ಪ ಆಡಿದ ಮಾತಂತೂ ಅವರಾಡಿದ ಹಾಗೇ ಇರಲಿ. ಅರ್ಥವಾಗದವರಿಗೆ ಪಕ್ಕದಲ್ಲಿ ಒಂದು ಸಾಲು ವಿವರಣೆ ಕೊಟ್ಟರಾಯಿತು.

ಇನ್ನೊಂದು ವಿಷಯ. ಹೀಗೆ ತಿರುಗುವಾಗ ಅಪ್ಪ ಕೊಟ್ಟು, ಈಡೇರದೆ ಉಳಿದ ಮಾತುಗಳು ಗೊತ್ತಾಗುತ್ತವೆ. ಯಾರಿಗೋ ಕೊಡಬೇಕಾಗಿದ್ದ ಕೂಲಿ, ಶಾಲೆಗೆ ಒಪ್ಪಿಕೊಂಡಿದ್ದ ದೇಣಿಗೆ, ದೇವಸ್ಥಾನಕ್ಕೆ ಹೇಳಿಕೊಂಡಿದ್ದ ಸೇವೆ. ಇವನ್ನು ನೋಟ್‌ಬುಕ್ಕಿನ ಹಿಂದಿನ ಪುಟದಲ್ಲಿ ಬರೆದುಕೊಂಡು ಪುಸ್ತಕ ಅಚ್ಚಾಗುವ ಮೊದಲು ತೀರಿಸಿ. ಹಣ ಸಾಲದೆ ಬಂದರೆ ಪುಟಗಳನ್ನು ಕಡಿಮೆ ಮಾಡಿ, ಇದನ್ನು ಕಡಿಮೆ ಮಾಡಬೇಡಿ.

6. ಇಸವಿ ಹೊಂದಿಸುವುದು

ಹಿರಿಯರಿಗೆ ಇಸವಿ ನೆನಪಿರುವುದಿಲ್ಲ, ಘಟನೆ ನೆನಪಿರುತ್ತದೆ. ‘ಯಾವ ವರ್ಷ?’ ಎನ್ನುವ ಬದಲು ‘ಅದಕ್ಕಿಂತ ಮೊದಲೋ ಆಮೇಲೋ?’ ಎಂದು ಕೇಳಿ. ನಮ್ಮ ಜಿಲ್ಲೆಯಲ್ಲಿ ಬಳಕೆಗೆ ಬರುವ ಗುರುತುಗಳು ಇವು: ಅಂಕೋಲೆಯ ಉಪ್ಪಿನ ಸತ್ಯಾಗ್ರಹ 1930. ಮೈಸೂರು ರಾಜ್ಯಕ್ಕೆ ಸೇರಿದ್ದು 1956ರ ನವೆಂಬರ್ 1. ಗೋವಾ ವಿಮೋಚನೆ 1961ರ ಡಿಸೆಂಬರ್, ಕಾರವಾರದ ಹಿರಿಯರಿಗೆ ಇದು ಚೆನ್ನಾಗಿ ನೆನಪಿದೆ. ಗೇಣಿದಾರರಿಗೆ ಭೂಮಿ ಕೊಟ್ಟ ಭೂಸುಧಾರಣೆ ತಿದ್ದುಪಡಿ ಜಾರಿಗೆ ಬಂದದ್ದು 1974ರ ಮಾರ್ಚ್ 1. ತುರ್ತು ಪರಿಸ್ಥಿತಿ 1975ರ ಜೂನ್‌ನಿಂದ 1977ರ ಮಾರ್ಚ್. ಶಿರಸಿ ಹತ್ತಿರದ ಸಾಲ್ಕಣಿಯಲ್ಲಿ, ಮರ ಕಡಿಯದಂತೆ ಅಪ್ಪಿಕೊಂಡು ತಡೆದ ಅಪ್ಪಿಕೋ ಚಳವಳಿ ಶುರುವಾದದ್ದು 1983ರ ಸೆಪ್ಟೆಂಬರ್. ಕೊಂಕಣ ರೈಲು ಪೂರ್ತಿ ಮಾರ್ಗದಲ್ಲಿ ಓಡಿದ್ದು 1998. ಶಿರಸಿ ಸುತ್ತಿನವರಿಗೆ ಎರಡು ವರ್ಷಕ್ಕೊಮ್ಮೆ ಬರುವ ಮಾರಿಜಾತ್ರೆಯೂ ಒಳ್ಳೆಯ ಗುರುತು: ‘ಜಾತ್ರೆಯ ವರ್ಷವೋ, ನಡುವಿನ ವರ್ಷವೋ?’ ಎಂದರೆ ಎಷ್ಟೋ ಜನ ತಟ್ಟನೆ ಹೇಳುತ್ತಾರೆ.

ಜಾತಕದಲ್ಲಿ ಸಂವತ್ಸರದ ಹೆಸರಿದ್ದರೆ ಇಸವಿ ಸುಲಭ. ಉದಾಹರಣೆಗೆ ಈಶ್ವರ ಸಂವತ್ಸರ ಎಂದರೆ 1937–38. ಹೆಸರು 60 ವರ್ಷಕ್ಕೊಮ್ಮೆ ಮರಳುವುದರಿಂದ 1997–98ಕ್ಕೂ ಅದೇ ಹೆಸರು. ಇಲ್ಲಿ ಎಡವುವುದು ಸುಲಭ: ಸಂವತ್ಸರ ಶುರುವಾಗುವುದು ಯುಗಾದಿಗೆ, ಆದ್ದರಿಂದ ಈಶ್ವರ ಸಂವತ್ಸರದ ಮಾಘ ಮಾಸದಲ್ಲಿ ಹುಟ್ಟಿದವರ ಇಸವಿ 1938 ಆಗುತ್ತದೆ. ಶಾಲೆಯ ದಾಖಲೆಯಲ್ಲಿ ‘ಜೂನ್ 1’ ಎಂದಿದ್ದರೆ ಅದನ್ನೇ ನಂಬಬೇಡಿ. ಹುಟ್ಟಿದ ದಿನ ಗೊತ್ತಿಲ್ಲದ ಮಕ್ಕಳಿಗೆ ಮೇಷ್ಟ್ರುಗಳು ಆ ತಾರೀಖನ್ನು ಬರೆಯುವ ರೂಢಿ ಇತ್ತು. ಜಾತಕಕ್ಕೂ ದಾಖಲೆಗೂ ಹೊಂದದಿದ್ದರೆ ಎರಡನ್ನೂ ಅಚ್ಚು ಹಾಕಿ.

7. ಫೋಟೋ

ಮಲೆನಾಡಿನ ತೇವಕ್ಕೆ ಹಳೆಯ ಫೋಟೋಗಳಿಗೆ ಬೂಷ್ಟು ಹಿಡಿದಿರುತ್ತದೆ. ಒದ್ದೆ ಬಟ್ಟೆಯಿಂದ ಒರೆಸಬೇಡಿ, ಚಿತ್ರವೇ ಎದ್ದು ಬರುತ್ತದೆ. ಗಾಜಿಗೆ ಅಂಟಿದ್ದರೆ ಕೀಳದೆ ಗಾಜಿನ ಸಮೇತ ಸ್ಕ್ಯಾನ್ ಮಾಡಿಸಿ. ಅಂಟು ಹಾಳೆಯ ಆಲ್ಬಮ್‌ನಿಂದ ಬಿಡಿಸಲು ಫೋಟೋದ ಹಿಂದೆ ಗಟ್ಟಿ ದಾರವನ್ನು ನಿಧಾನವಾಗಿ ಎಳೆಯಿರಿ.

ಸಣ್ಣ ಫೋಟೋಗಳನ್ನು 600 ಡಿಪಿಐನಲ್ಲಿ ಸ್ಕ್ಯಾನ್ ಮಾಡಿಸಿ (ಡಿಪಿಐ ಎಂದರೆ ಒಂದು ಅಂಗುಲದಲ್ಲಿ ಎಷ್ಟು ಚುಕ್ಕಿಗಳು ಎಂಬ ಲೆಕ್ಕ). ಅಚ್ಚಾಗುವ ಅಳತೆಯಲ್ಲಿ ಕೊನೆಗೆ 300 ಇರಲೇಬೇಕು. ಎಲ್ಲರೂ ಎಡವುವುದು ವಾಟ್ಸಾಪ್‌ನಲ್ಲಿ. ಅಲ್ಲಿ ಫೋಟೋ ಎಂದು ಕಳಿಸಿದರೆ ಅದು ಕುಗ್ಗಿ ಹೋಗುತ್ತದೆ, ಮೊಬೈಲ್‌ನಲ್ಲಿ ಚೆಂದ ಕಂಡರೂ ಪುಸ್ತಕದಲ್ಲಿ ಮಸುಕಾಗಿ ಬರುತ್ತದೆ. ಡಾಕ್ಯುಮೆಂಟ್ ಎಂದು ಆಯ್ಕೆ ಮಾಡಿ ಕಳಿಸಲು ಎಲ್ಲರಿಗೂ ಹೇಳಿ.

ಒಂದೊಂದು ಫೋಟೋದಲ್ಲೂ ಎಡದಿಂದ ಬಲಕ್ಕೆ ಯಾರಿದ್ದಾರೆಂದು ಅಮ್ಮನ ಹತ್ತಿರ ಕೂತು ಈಗಲೇ ಬರೆದುಕೊಳ್ಳಿ. ಮುಖಪುಟಕ್ಕೆ ಸ್ಟುಡಿಯೋದ ಶಾಲು ಹೊದ್ದ ಫೋಟೋಕ್ಕಿಂತ ಅಪ್ಪ ಕೆಲಸದಲ್ಲಿರುವ ಚಿತ್ರ ಸಿಕ್ಕರೆ ಒಳ್ಳೆಯದು: ತೋಟದಲ್ಲಿ, ಬಲೆ ಹೆಣೆಯುತ್ತಾ, ಪಾಠ ಹೇಳುತ್ತಾ.

8. ಬರೆಯುವುದು

ಲೇಖನ ಕೊಡಿ ಎಂದು ಐವತ್ತು ಜನರಿಗೆ ಪತ್ರ ಹಾಕಬೇಡಿ. ಐವತ್ತು ಜನರೂ ಒಂದೇ ಲೇಖನ ಬರೆಯುತ್ತಾರೆ. ಮುದ್ರಿಸಿಕೊಂಡ ಮಾತುಗಳಿಂದ ನೀವೇ ಘಟನೆಗಳನ್ನು ಆರಿಸಿ, ಒಂದೊಂದನ್ನು ಒಂದೊಂದು ಚೀಟಿಯಲ್ಲಿ ಬರೆದು, ಜಗಲಿಯ ಮೇಲೆ ಹರಡಿ ನೋಡಿ. ಒಂದೇ ಗುಣ ತೋರಿಸುವ ನಾಲ್ಕು ಘಟನೆ ಇದ್ದರೆ ಗಟ್ಟಿಯಾದ ಒಂದನ್ನು ಉಳಿಸಿ.

‘ಅಪ್ಪ ಕೂಲಿಯವರನ್ನು ಪ್ರೀತಿಯಿಂದ ಕಾಣುತ್ತಿದ್ದರು’ ಎಂಬ ವಾಕ್ಯ ಯಾರ ಮನಸ್ಸಿನಲ್ಲೂ ಉಳಿಯುವುದಿಲ್ಲ. ‘ಸುಲಿದ ಅಡಿಕೆಯನ್ನು ಅಳೆಯುವಾಗ ಅಪ್ಪ ಡಬ್ಬವನ್ನು ಅಲುಗಾಡಿಸುತ್ತಿರಲಿಲ್ಲ. ಅಲುಗಾಡಿಸಿದರೆ ಅಡಿಕೆ ಒತ್ತಾಗಿ ಕೂತು ಸುಲಿದವರ ಕೂಲಿ ಕಡಿಮೆಯಾಗುತ್ತದೆ’ ಎಂದು ಬರೆದರೆ ಓದಿದವರಿಗೆ ಆ ಕೈಯೇ ಕಾಣುತ್ತದೆ. ಮೀನುಗಾರರ ಮನೆಯಾದರೆ, ಜ್ವರ ಬಂದು ಮನೆಯಲ್ಲಿ ಮಲಗಿದವನಿಗೂ ಆ ದಿನದ ಪಾಲು ತೆಗೆದಿಡುತ್ತಿದ್ದರು ಎಂಬ ಒಂದು ಸಾಲು ಸಾಕು. ‘ಸಮಾನತೆ’ ಎಂಬ ಪದವೇ ಬೇಡ.

ಅಪ್ಪನ ಸಿಟ್ಟು, ಹಠ, ಒಪ್ಪದೇ ಕೂತ ಸಂಗತಿಗಳನ್ನು ತೆಗೆಯಬೇಡಿ. ಅಕ್ಕನನ್ನು ಕಾಲೇಜಿಗೆ ಕಳಿಸಲು ಮೊದಲು ಒಪ್ಪದೆ ಆಮೇಲೆ ಒಪ್ಪಿದ್ದರೆ ಎರಡನ್ನೂ ಬರೆಯಿರಿ, ಯಾಕೆ ಮನಸ್ಸು ಬದಲಾಯಿತು ಎಂಬುದನ್ನೂ ಬರೆಯಿರಿ. ದೋಷವೇ ಇಲ್ಲದ ಅಪ್ಪನನ್ನು ಮೊಮ್ಮಕ್ಕಳು ನಂಬುವುದಿಲ್ಲ.

ಕೊನೆಯ ಅಧ್ಯಾಯ ಮಕ್ಕಳದ್ದು. ಒಬ್ಬೊಬ್ಬರೂ ಒಂದು ಪುಟ ಬರೆಯಲಿ: ಅಪ್ಪನಿಂದ ಕಲಿತು ಈಗಲೂ ಮಾಡುತ್ತಿರುವ ಒಂದು ಕೆಲಸ, ಅಪ್ಪ ಮಾಡುತ್ತಿದ್ದು ನಾವು ಬಿಟ್ಟುಬಿಟ್ಟ ಒಂದು ಕೆಲಸ. ಎರಡನೆಯದನ್ನು ಬರೆಯಲು ಎಲ್ಲರೂ ಹಿಂದೆಮುಂದೆ ನೋಡುತ್ತಾರೆ. ಬರೆದ ಮೇಲೆ ಅದನ್ನು ಮತ್ತೆ ಶುರುಮಾಡಿದ ಮನೆಗಳಿವೆ: ಮಳೆಗಾಲಕ್ಕೆ ಮೊದಲು ಊರಿನ ಕಾಲುಸಂಕ (ಹಳ್ಳ ದಾಟುವ ಸಣ್ಣ ಸೇತುವೆ) ಸರಿಮಾಡುವುದು, ಬೆಟ್ಟದಲ್ಲಿ ವರ್ಷವೂ ಗಿಡ ನೆಡುವುದು, ಊರ ಶಾಲೆಯ ಮಕ್ಕಳಿಗೆ ಪುಸ್ತಕ ಕೊಡುವುದು. ನನ್ನ ದೃಷ್ಟಿಯಲ್ಲಿ ಇಡೀ ಪುಸ್ತಕದಲ್ಲಿ ಅಪ್ಪನಿಗೆ ಸಲ್ಲುವ ದೊಡ್ಡ ಗೌರವ ಈ ಪುಟಗಳದ್ದು.

9. ಏನು ಹಾಕಬಾರದು?

ಸಾಲ ಪಡೆದವರ ಹೆಸರು, ಸರ್ವೆ ನಂಬರು, ಬ್ಯಾಂಕ್ ವಿವರ, ಆಧಾರ್, ಸಹಿ ಸ್ಪಷ್ಟವಾಗಿ ಕಾಣುವ ಕಾಗದ ಬೇಡ. ಬೇರೆಯವರು ಅಪ್ಪನಿಗೆ ಬರೆದ ಪತ್ರಗಳನ್ನು ಹಾಕುವ ಮೊದಲು ಬರೆದವರನ್ನೋ ಅವರ ಮಕ್ಕಳನ್ನೋ ಕೇಳಿ. ಹಿಸೆಯ (ಆಸ್ತಿ ಪಾಲಿನ) ಜಗಳ, ಗೇಣಿಯ ವ್ಯಾಜ್ಯದಲ್ಲಿ ಎದುರು ಪಕ್ಷದವರ ಮಕ್ಕಳು ಅದೇ ಊರಿನಲ್ಲಿರುತ್ತಾರೆ. ಅಪ್ಪ ನಡೆದುಕೊಂಡ ರೀತಿ ಬರೆಯಿರಿ, ಅವರ ಹೆಸರು ಬೇಡ. ಕೊನೆಯ ದಿನಗಳ ಆಸ್ಪತ್ರೆಯ ವಿವರವೂ ಉದ್ದ ಬೇಡ. ಕರಡನ್ನು ಮೊದಲು ಅಮ್ಮನಿಗೆ ಓದಿ ಹೇಳಿ. ಅವರು ಬೇಡವೆಂದದ್ದನ್ನು ಚರ್ಚೆ ಮಾಡದೆ ತೆಗೆಯಿರಿ.

10. ಜೋಡಣೆ, ಅಚ್ಚು

ಸಾಮಾನ್ಯವಾಗಿ ಇಂಥ ಪುಸ್ತಕಕ್ಕೆ ಡೆಮಿ 1/8 ಆಕಾರ, ಅಂದರೆ ಸುಮಾರು ಐದೂವರೆಗೆ ಎಂಟೂವರೆ ಅಂಗುಲ. ಪುಟಗಳನ್ನು ಫಾರಂ ಲೆಕ್ಕದಲ್ಲಿ ಅಚ್ಚು ಹಾಕುತ್ತಾರೆ. ಒಂದು ಫಾರಂಗೆ 16 ಪುಟ. ಆದ್ದರಿಂದ 96, 112, 128 ಹೀಗೆ ಹೊಂದಿಸಿಕೊಳ್ಳಿ. ಒಳಪುಟಕ್ಕೆ 70 ಅಥವಾ 80 ಜಿಎಸ್‌ಎಂ ಮ್ಯಾಪ್ಲಿಥೋ ಕಾಗದ (ಜಿಎಸ್‌ಎಂ ಎಂದರೆ ಕಾಗದದ ತೂಕ, ದಪ್ಪದ ಅಂದಾಜು), ಹೊದಿಕೆಗೆ 300 ಜಿಎಸ್‌ಎಂ ಆರ್ಟ್ ಕಾರ್ಡ್. ಮ್ಯಾಪ್ಲಿಥೋ ಮೇಲೆ ಫೋಟೋ ಕಪ್ಪಾಗಿ ಬರುವುದರಿಂದ ಮುಖ್ಯ ಫೋಟೋಗಳಿಗೆ ನಡುವೆ ಎಂಟು ಪುಟ ಆರ್ಟ್ ಪೇಪರ್ ಸೇರಿಸಿ. ನಮ್ಮ ಕಡೆಯ ತೇವಕ್ಕೆ ಬರೀ ಅಂಟಿನ ಬೈಂಡಿಂಗ್‌ಗಿಂತ ಹೊಲಿಗೆ ಹಾಕಿದ್ದು ಬಾಳಿಕೆ ಬರುತ್ತದೆ. ನೂರಿನ್ನೂರು ಪ್ರತಿಗೆ ಡಿಜಿಟಲ್ ಮುದ್ರಣ ಸಾಕು, ಸಂಖ್ಯೆ ಹೆಚ್ಚಾದ ಹಾಗೆ ಆಫ್‌ಸೆಟ್ ಅಗ್ಗವಾಗುತ್ತದೆ. ಎರಡು ಮೂರು ಕಡೆ ಬರವಣಿಗೆಯಲ್ಲಿ ದರ ಕೇಳಿ. ಜೋಡಣೆ, ಮುದ್ರಣ, ಬೈಂಡಿಂಗ್, ಸಾಗಾಣಿಕೆ ಬೇರೆಬೇರೆ ತೋರಿಸಲು ಹೇಳಿ.

ದೊಡ್ಡ ತೊಂದರೆ ಅಕ್ಷರದ್ದು. ನೀವು ಮೊಬೈಲ್‌ನಲ್ಲಿ ಬರೆದದ್ದು ಯೂನಿಕೋಡ್. ಎಷ್ಟೋ ಜೋಡಣೆಯವರು ಈಗಲೂ ಹಳೆಯ ‘ನುಡಿ’ ಅಥವಾ ‘ಬರಹ’ ತಂತ್ರಾಂಶದ ಅಕ್ಷರಕ್ಕೆ ಬದಲಿಸಿ ಪುಟ ಕಟ್ಟುತ್ತಾರೆ. ಬದಲಿಸುವಾಗ ಅರ್ಕಾವತ್ತು, ಒತ್ತಕ್ಷರ, ಉದ್ಧರಣ ಚಿಹ್ನೆ, ಅಂಕಿಗಳು ಕೆಡುತ್ತವೆ. ಮೊದಲು ತಿದ್ದಿದ್ದೇನೆ ಎಂದು ಬಿಡದೆ ಬದಲಿಸಿದ ಮೇಲೆ ಕಾಗದದಲ್ಲಿ ಪ್ರಿಂಟ್ ತೆಗೆಸಿ ಮತ್ತೆ ಪೂರ್ತಿ ಓದಿ. ಹೆಸರು ಮತ್ತು ಇಸವಿಗಳನ್ನು ಮನೆಯ ಇನ್ನೊಬ್ಬರು ಬೇರೆಯಾಗಿ ನೋಡಲಿ.

ಐಎಸ್‌ಬಿಎನ್, ಅಂದರೆ ಪುಸ್ತಕದ ಅಂತರರಾಷ್ಟ್ರೀಯ ಗುರುತಿನ ಸಂಖ್ಯೆ, ಮನೆಯವರಿಗಷ್ಟೇ ಹಂಚುವ ಪುಸ್ತಕಕ್ಕೆ ಬೇಕಿಲ್ಲ. ಬೇಕೆಂದರೆ ಭಾರತದಲ್ಲಿ ರಾಜಾ ರಾಮಮೋಹನ ರಾಯ್ ರಾಷ್ಟ್ರೀಯ ಸಂಸ್ಥೆ ಅದನ್ನು ಉಚಿತವಾಗಿ ಕೊಡುತ್ತದೆ, ಆನ್‌ಲೈನ್ ಅರ್ಜಿ ಹಾಕಬೇಕು.

11. ಹಂಚಿದ ಮೇಲೆ

ಬಂದವರಿಗೆ ಕೊಡುವುದರ ಜೊತೆಗೆ, ಮಾತು ಕೊಟ್ಟ ಪ್ರತಿಯೊಬ್ಬರ ಮನೆಗೂ ಹೋಗಿ ಒಂದು ಪ್ರತಿ ಕೊಡಿ. ಓದಲು ಬಾರದವರಿಗೆ ಅವರ ಮಾತಿರುವ ಪುಟವನ್ನು ಓದಿ ಹೇಳಿ. ಊರಿನ ಶಾಲೆಗೂ, ಗ್ರಾಮ ಪಂಚಾಯಿತಿಯ ಗ್ರಂಥಾಲಯಕ್ಕೂ, ಅಂದರೆ ಈಗಿನ ಅರಿವು ಕೇಂದ್ರಕ್ಕೂ ಒಂದೊಂದು ಪ್ರತಿ ಇರಲಿ. ಪಿಡಿಎಫ್ ಅನ್ನು ಪ್ರೆಸ್ಸಿನವರಿಂದ ಕೇಳಿ ಪಡೆಯಿರಿ, ಆಮೇಲೆ ಅವರ ಕಂಪ್ಯೂಟರಿನಲ್ಲಿ ಸಿಗದೇ ಹೋಗಬಹುದು.

ಎರವಲು ತಂದ ಫೋಟೋಗಳನ್ನು ಅದೇ ವಾರ ಹಿಂತಿರುಗಿಸಿ. ಮೂಲ ಲೆಕ್ಕದ ಪುಸ್ತಕ, ಪತ್ರಗಳನ್ನು ಡಬ್ಬಿಯಲ್ಲಿ ಸಿಲಿಕಾ ಜೆಲ್ ಪೊಟ್ಟಣದ ಜೊತೆ ಇಟ್ಟು, ಅಟ್ಟದ ಮೇಲಲ್ಲ, ಗಾಳಿಯಾಡುವ ಕಪಾಟಿನಲ್ಲಿ ಇರಿಸಿ. ಮಳೆಗಾಲ ಮುಗಿದ ಮೇಲೆ ವರ್ಷಕ್ಕೊಮ್ಮೆ ತೆರೆದು ನೋಡಿ. ಧ್ವನಿಮುದ್ರಿಕೆಗಳು ಯಾರ ಬಳಿ ಇವೆ, ಯಾವ ಹೆಸರಿನಲ್ಲಿವೆ ಎಂಬ ಪಟ್ಟಿಯನ್ನು ಅದೇ ಡಬ್ಬಿಯ ಮುಚ್ಚಳದ ಒಳಬದಿಗೆ ಅಂಟಿಸಿ, ಅದರ ಒಂದು ಪ್ರತಿಯನ್ನು ಎಲ್ಲ ಅಣ್ಣತಮ್ಮ ಅಕ್ಕತಂಗಿಯರಿಗೂ ಕಳಿಸಿಕೊಡಿ.